ಒಂಬತ್ತನೇ ಪುಟದ ಸೆರಗು

ನಾನು ಯಂತ್ರವಲ್ಲ ಎಂದು ಒಂದು ಸಭಾಂಗಣ ತುಂಬ ಜನರ ಮುಂದೆ ಕೂತು ಸಾಬೀತು ಮಾಡಬೇಕಾದ ದಿನ ಬರುತ್ತದೆಂದು ಯಾರಾದರೂ ಮೊದಲೇ ಹೇಳಿದ್ದರೆ, ಚಿತ್ರ ಬರೆಯುವುದನ್ನು ಬಿಟ್ಟು ಹಪ್ಪಳ ಒತ್ತಿಕೊಂಡು ಇರುತ್ತಿದ್ದೆ. ಹಪ್ಪಳ ನೋಡಿ ಇದನ್ನು ಕಂಪ್ಯೂಟರ್ ಒತ್ತಿತೇ ಎಂದು ಯಾರೂ ಕೇಳುವುದಿಲ್ಲ.

ಆದದ್ದು ಇಷ್ಟು. ಚೆನ್ನೈನ ಒಂದು ಪ್ರಕಾಶನ ಸಂಸ್ಥೆಗೆ ನಾನು ಮಕ್ಕಳ ಚಿತ್ರಪುಸ್ತಕಗಳನ್ನು ಮಾಡಿಕೊಡುತ್ತೇನೆ. ಆರು ಪುಸ್ತಕಗಳ ಒಂದು ಮಾಲೆ ಶುರುವಾಗಿತ್ತು. ಮೊದಲನೆಯದು ಇಲ್ಲಿನ ಕೋಯಂಬೇಡು ಮಾರುಕಟ್ಟೆಯಲ್ಲಿ ತರಕಾರಿ ಮಾರುವ ಹೆಂಗಸಿನ ಕಥೆ. ಅದರ ಒಂಬತ್ತನೇ ಪುಟದಲ್ಲಿ ಆಕೆ ಬದನೆಕಾಯಿ ರಾಶಿಯ ಹಿಂದೆ ತಕ್ಕಡಿ ಹಿಡಿದು ನಿಂತಿದ್ದಾಳೆ. ಅವಳ ಬೆನ್ನ ಹಿಂದೆ ಒಂದು ಸಿಟಿ ಬಸ್ಸು. ಪುಸ್ತಕ ಹೊರಬಂದ ಕೆಲವೇ ದಿನಕ್ಕೆ ಒಬ್ಬ ಶಾಲಾ ಶಿಕ್ಷಕಿ ಆ ಪುಟದ ಫೋಟೋ ತೆಗೆದು ಜಾಲತಾಣಕ್ಕೆ ಹಾಕಿದರು. ಈ ಹೆಂಗಸಿನ ಸೆರಗು ಬಲ ಹೆಗಲ ಮೇಲಿದೆ, ನಮ್ಮೂರಲ್ಲಿ ಯಾವ ತರಕಾರಿಯಮ್ಮ ಹೀಗೆ ಸೀರೆ ಉಡುತ್ತಾಳೆ, ಇದು ಎಐ ಬರೆದ ಚಿತ್ರ, ಯಂತ್ರಕ್ಕೆ ಎಡಬಲ ತಿಳಿಯುವುದಿಲ್ಲ, ಮಕ್ಕಳ ಕೈಗೆ ಇಂಥದ್ದನ್ನು ಕೊಡಬೇಡಿ ಎಂದು ಬರೆದಿದ್ದರು. ಸಂಜೆಯೊಳಗೆ ಅದು ಊರೆಲ್ಲ ಸುತ್ತಿತು.

ಪ್ರಕಾಶನದ ಸಂಪಾದಕಿ ಫೋನ್ ಮಾಡಿದಳು. ನನಗಿಂತ ಇಪ್ಪತ್ತು ವರ್ಷಕ್ಕೆ ಚಿಕ್ಕವಳು. ಅವಳ ಮನೆಯವರು ನಮ್ಮದೇ ಧಾರವಾಡದ ಕಡೆಯಿಂದ ಚೆನ್ನೈಗೆ ಬಂದು ಮೂರು ತಲೆಮಾರಾಯಿತು. ಅವಳ ಕನ್ನಡದೊಳಗೆ ತಮಿಳು ಸಾರಿನೊಳಗಿನ ಬೇಳೆಯ ಹಾಗೆ ಕರಗಿಹೋಗಿದೆ.

"ಅಕ್ಕಾ, ಆ ಮುಂದಾನಿ ಯಾಕೆ ಆ ಕಡೆ ಇದೆ? ಸೆರಗು, ಸೆರಗು. ಸರ್ ಕೇಳ್ತಾ ಇದ್ದಾರೆ. ಸೀಕ್ರಂ, ಬೇಗ ಏನಾದ್ರೂ ಹೇಳಿ."

ಪುಸ್ತಕ ತೆರೆದು ನೋಡಿದೆ. ಸೆರಗು ಬಲಕ್ಕೇ ಇತ್ತು. ಬುದ್ಧಿ ಬಂದಾಗಿನಿಂದ ಸೀರೆ ಉಡುವ ನಾನು, ದಿನಾ ಬೆಳಿಗ್ಗೆ ಎಡಕ್ಕೆ ಸೆರಗು ಹಾಕಿಕೊಳ್ಳುವ ನಾನು, ಇದನ್ನು ಹೇಗೆ ಬರೆದೆ? ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಆವಾಗಲೇ "ಗೊತ್ತಿಲ್ಲ, ತಪ್ಪಾಗಿದೆ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಇಷ್ಟು ವರ್ಷ ಇದೇ ಕೆಲಸ ಮಾಡಿದವಳಿಗೆ ಸೆರಗು ಬರೆಯಲು ಬರಲಿಲ್ಲ ಎಂದು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ.

"ಅದು ಬೇಕಂತನ ಬರದದ್ದವಾ," ಅಂದೆ. "ನಮ್ಮಜ್ಜಿ ಬಲಕ್ಕ ಸೆರಗು ಹಾಕ್ತಿದ್ಲು. ಈ ಹೆಣ್ಮಗಳೂ ನಮ್ಮ ಕಡಿಂದ ಬಂದಾಕಿ ಅಂತ ಮನಸಿನಾಗ ಇಟ್ಕೊಂಡಿದ್ದೆ."

ಅಜ್ಜಿ ಬಲಕ್ಕೆ ಸೆರಗು ಹಾಕುತ್ತಿದ್ದದ್ದು ಖರೆ. ನಮ್ಮ ಕಡೆಯ ಹಳಬರಲ್ಲಿ ಹಾಗೆ ಉಡುವವರಿದ್ದರು. ಮಿಕ್ಕಿದ್ದೆಲ್ಲ ಅದೇ ಕ್ಷಣದಲ್ಲಿ ಹುಟ್ಟಿದ್ದು.

"ಅಯ್ಯಯ್ಯೋ ಅಕ್ಕಾ, ನಮ್ಮ ಪಾಟಿ ಕೂಡ ಹಾಗೇ ಉಡ್ತಿದ್ರು!" ಎಂದು ಅವಳು ಕೂಗಿದಳು. ಪಾಟಿ ಅಂದರೆ ಅವಳ ಅಜ್ಜಿ. ಅವಳ ಸಂತೋಷ ಕೇಳಿ ನನಗೆ ಒಂದು ಗಳಿಗೆ ಸಮಾಧಾನವಾಯಿತು, ನಾಚಿಕೆಗೇಡು.

ಮರುದಿನ ಅವಳು ಸಂಸ್ಥೆಯ ಹೆಸರಿನಲ್ಲಿ ಒಂದು ಟಿಪ್ಪಣಿ ಪ್ರಕಟಿಸಿದಳು. ಕಲಾವಿದೆ ತನ್ನ ಅಜ್ಜಿಯ ನೆನಪಿನಲ್ಲಿ ಈ ಸೆರಗನ್ನು ಬರೆದಿದ್ದಾರೆ, ಊರು ಬಿಟ್ಟು ಬಂದ ಹೆಂಗಸರು ಉಡುಗೆಯಲ್ಲಿ ಊರನ್ನು ಉಳಿಸಿಕೊಳ್ಳುತ್ತಾರೆ, ಹೀಗೆಲ್ಲ ಚೆನ್ನಾಗಿಯೇ ಇತ್ತು. ಕೆಳಗೆ ಒಂದು ಹಳೆಯ ಫೋಟೋ. ಬಲ ಹೆಗಲ ಮೇಲಿಂದ ತಲೆಗೆ ಸೆರಗು ಹೊದ್ದು, ಕುರ್ಚಿಯ ತುದಿಯಲ್ಲಿ ಕೂತ ಅವಳ ಸ್ವಂತ ಅಜ್ಜಿ. ನಿಜ ಹೇಳಿಬಿಡೋಣ ಎಂದು ಫೋನ್ ಎತ್ತಿಕೊಂಡು ಮತ್ತೆ ಕೆಳಗಿಟ್ಟೆ.

ಶಿಕ್ಷಕಿ ಜಗ್ಗಲಿಲ್ಲ. ಕಥೆ ಕಟ್ಟುವುದು ಸುಲಭ, ಬರೆದು ತೋರಿಸಲಿ ಎಂದರು. ಪ್ರಕಾಶಕರು ನನ್ನನ್ನು ಕಚೇರಿಗೆ ಕರೆಸಿದರು. ತಮಿಳರು, ಒಳ್ಳೆಯ ಮನುಷ್ಯ, ಆದರೆ ಶಾಲೆಗಳು ಪುಸ್ತಕ ವಾಪಸ್ಸು ಕಳಿಸುವ ಮಾತು ಕೇಳಿ ಕಂಗಾಲಾಗಿದ್ದರು.

"ನೀವು ಕೈಯಲ್ಲೇ ಬರೀತೀರ ಅಂತ ನಂಬ್ತೀನಿ ಮೇಡಂ. ಆದ್ರೆ ನಾನು ನಂಬಿದ್ರೆ ಸಾಲದು. ನಮ್ಮ ಪುಸ್ತಕ ಹಬ್ಬದಲ್ಲಿ ಜನರ ಮುಂದೆ ಕೂತು ಅದೇ ಪುಟ ಬರೀರಿ. ಆ ಟೀಚರಮ್ಮನ್ನೂ ಕರೀತೀನಿ. ಅವರು ಒಪ್ಪಿದ್ರೆ ಉಳಿದ ಐದೂ ನಿಮ್ಮವೇ. ಒಪ್ಪದಿದ್ರೆ ಮಾಲೆ ನಿಲ್ಲಿಸಬೇಕಾಗತ್ತೆ."

ಮನೆಯಲ್ಲಿ ಬರೆಯುವುದನ್ನೇ ವಿಡಿಯೋ ಮಾಡಿ ಕೊಡುತ್ತೇನೆ ಎಂದೆ. "ವಿಡಿಯೋನೂ ಮೆಷಿನ್ ಮಾಡಿದ್ದು ಅಂದ್ರೆ?" ಎಂದು ಕೇಳಿದರು. ಸರಿ, ಅಲ್ಲೇ ಬಂದು ಬರೆಯುತ್ತೇನೆ ಎಂದೆ. ಏಳುವಾಗ ಹೇಳಿದರು, "ನಮ್ಮ ಹುಡುಗಿ ನಿಮ್ಮ ಪರ ಮೀಟಿಂಗ್‌ನಲ್ಲಿ ಎಲ್ಲರ ಜೊತೆ ಜಗಳ ಆಡಿದಾಳೆ. ಅವಳ ಮಾತು ಉಳಿಸಿ."

ಮೇಜಿನ ಮೇಲೆ ಪುಸ್ತಕಕ್ಕೆ ಬರೆಯುವುದೇ ಬೇರೆ, ಜನರ ಮುಂದೆ ಬರೆಯುವುದೇ ಬೇರೆ. ನನಗೆ ಒಂದು ಪುಟಕ್ಕೆ ಎರಡು ದಿನ ಬೇಕು. ಮೊದಲು ಟ್ರೇಸಿಂಗ್ ಕಾಗದದ ಮೇಲೆ ಕರಡು ರೇಖೆ. ಅದನ್ನು ಜಲವರ್ಣದ ದಪ್ಪ ಕಾಗದಕ್ಕೆ ಇಳಿಸುವುದು. ಆಮೇಲೆ ತೆಳ್ಳಗಿನ ಬಣ್ಣ ಒಂದು ಪದರ, ಒಣಗಿದ ಮೇಲೆ ಇನ್ನೊಂದು ಪದರ, ಹೀಗೆ ಆರೇಳು. ಕೆಲಸದಲ್ಲಿ ಅರ್ಧ ಭಾಗ ಒಣಗುವುದನ್ನು ಕಾಯುತ್ತ ಕೂರುವುದೇ. ಅವರು ಕೊಟ್ಟದ್ದು ಒಂದೂವರೆ ಗಂಟೆ. ನನ್ನ ಮುಖ ನೋಡುತ್ತ ಒದ್ದೆ ಕಾಗದ ಒಣಗುವುದನ್ನು ಯಾವ ಪುಣ್ಯಾತ್ಮರು ಕೂತು ನೋಡುತ್ತಾರೆ?

ಹಾಗಾಗಿ ಇಂಥ ಪ್ರದರ್ಶನ ಕೊಡುವವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಅರ್ಧ ಕೆಲಸ ಮನೆಯಲ್ಲೇ ಮುಗಿಸಿದೆ. ಕಾಗದ ನೆನೆಸಿ ಹಲಗೆಯ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಗೋಂದಿನ ಪಟ್ಟಿ ಹಚ್ಚಿ ಬಿಗಿದೆ. ಅಚ್ಚಾದ ಪುಸ್ತಕದಿಂದಲೇ ಒಂಬತ್ತನೇ ಪುಟವನ್ನು ತದ್ರೂಪು ಎತ್ತಿ, ಪೆನ್ಸಿಲ್ ರೇಖೆಯನ್ನು ಹಲಗೆಯ ಕಾಗದಕ್ಕೆ ಇಳಿಸಿದೆ. ಬಲ ಹೆಗಲ ಸೆರಗಿನ ಹತ್ತಿರ ಬಂದಾಗ ಕೈ ತಡೆಯಿತು. ಆದರೆ ಬಾಯಿ ಬಿಟ್ಟಾಗಿತ್ತಲ್ಲ, ಅದನ್ನೂ ಹಾಗೇ ತೀಡಿದೆ. ಹೇಳಿದ ಸುಳ್ಳನ್ನು ಇನ್ನೊಮ್ಮೆ ಪೆನ್ಸಿಲ್ಲಿನಲ್ಲಿ ಬರೆದ ಹಾಗಾಯಿತು.

ಅವ್ವ ಮಜ್ಜಿಗೆ ಕೊಡಲು ಬಂದವಳು ಹಲಗೆ ನೋಡಿ ನಿಂತಳು. ಅವಳಿಗೆ ಎಪ್ಪತ್ತೆಂಟು, ಕನ್ನಡಕ ಬೇಡ.

"ನಿಮ್ಮಜ್ಜಿ ಬಲಕ್ಕ ಸೆರಗು ಹಾಕ್ತಿದ್ಲು, ಖರೆ. ಆದ್ರ ಆಕಿ ಎಂದರ ಕೋಯಂಬೇಡಿನಾಗ ಬದನಿಕಾಯಿ ಮಾರ್‍ಯಾಳೇನು?"

"ಅವ್ವಾ, ನೀ ಸುಮ್ಮನ ಒಳಗ ಹೋಗು."

"ಹೋಗ್ತೀನಿ ಬಿಡು. ಸತ್ತಾಕಿ ಹೆಸರು ತಗೊಂಡು ಬಚಾವಾಗೂದು ಛಲೋ ಅಲ್ಲ, ಅಷ್ಟ ಹೇಳ್ದೆ."

ಶನಿವಾರ ಬೆಳಿಗ್ಗೆ ನಮ್ಮ ಮನೆ ಹತ್ತಿರದ ತಾಂಬರಂನಲ್ಲಿ ಲೋಕಲ್ ಟ್ರೇನ್ ಹತ್ತಿದೆ. ಎರಡೂವರೆ ಅಡಿಯ ಹಲಗೆ, ಬಟ್ಟೆ ಚೀಲದಲ್ಲಿ ಬಣ್ಣ, ಕುಂಚ, ಕಾಗದ, ಗೆರೆ ಉಜ್ಜುವ ಚಮಚ, ನೀರಿಗೆ ಎರಡು ಡಬ್ಬಿ, ತಲೆಗೂದಲು ಒಣಗಿಸುವ ಡ್ರೈಯರ್. ಹಲಗೆಯ ಮುಖ ನನ್ನ ಎದೆಗೆ ಒತ್ತಿಕೊಂಡು, ಬಂದವರಿಗೆಲ್ಲ ಬೆನ್ನು ಕೊಟ್ಟು ನಿಂತೆ. ಒಬ್ಬರು ಇದು ಕೇರಂ ಬೋರ್ಡಾ ಎಂದು ಕೇಳಿದರು. ಹೌದು ಎಂದುಬಿಟ್ಟೆ. ಆ ವಾರ ನನ್ನ ಬಾಯಿಗೆ ಸುಳ್ಳು ಚೆನ್ನಾಗಿ ರೂಢಿಯಾಗಿತ್ತು.

ಪುಸ್ತಕ ಹಬ್ಬ ನಡೆಯುತ್ತಿದ್ದ ಗಿಂಡಿ ಬಡಾವಣೆಯ ಸಭಾಂಗಣಕ್ಕೆ ಹೋದರೆ ಎಸಿ ಕೆಟ್ಟಿತ್ತು. ಗಾಳಿಯಲ್ಲಿ ಕೈಯಾಡಿಸಿದರೆ ಕೈ ಒದ್ದೆಯಾಗುವಂಥ ಸೆಕೆ. ಇಂಥ ಹವೆಯಲ್ಲಿ ಬಣ್ಣ ಒಣಗುವುದಿಲ್ಲ, ತಾನೇ ಬೆವರುತ್ತದೆ. ಫ್ಯಾನ್ ಹಾಕಿ ಎಂದೆ. ಹಾಕಿದರು, ನೇರ ನನ್ನ ತಲೆಯ ಮೇಲಿನದನ್ನೇ. ಅದು ಹಲಗೆಯ ಒಂದು ಮೂಲೆಯನ್ನು ಒಣಗಿಸಿ ಇನ್ನೊಂದನ್ನು ಹಾಗೇ ಬಿಡುವ ಜಾತಿಯ ಫ್ಯಾನು.

ಪ್ರೊಜೆಕ್ಟರ್ ನೋಡಿಕೊಳ್ಳುವ ತಂತ್ರಜ್ಞ ನನ್ನ ವಯಸ್ಸಿನವನೇ. ಮೇಜಿನ ಮೇಲ್ಗಡೆ ಒಂದು ಸಣ್ಣ ಕ್ಯಾಮೆರಾ ತೂಗುಹಾಕಿದ್ದ. ಹಿಂದಿನ ದೊಡ್ಡ ಪರದೆಯಲ್ಲಿ ಮೊದಲು ನನ್ನ ನೆತ್ತಿ ಕಾಣಿಸಿತು, ಅಲ್ಲಿನ ಬಿಳಿಕೂದಲ ಸಮೇತ. ಸರಿಸಿದ ಮೇಲೆ ಕೈ ಕಾಣಿಸಿತು. ಆದರೆ ಪರದೆಯ ಮೇಲೆ ನಾನು ಎಡಗೈಯಲ್ಲಿ ಕುಂಚ ಹಿಡಿದಿದ್ದೆ.

"ಕನ್ನಡಿ ಥರ ಉಲ್ಟಾ ತೋರಿಸ್ತಾ ಇದೆಯಲ್ಲ?" ಎಂದೆ.

"ಅದು ಸೆಟ್ಟಿಂಗ್ ಮೇಡಂ. ಈಗ ಮುಟ್ಟಿದ್ರೆ ಎಲ್ಲಾ ಹ್ಯಾಂಗ್ ಆಗತ್ತೆ. ಆಮೇಲೆ ಪಾತ್ಕಲಾಂ, ನೋಡೋಣ."

ಎಲ್ಲರೂ ಆಮೇಲೆ ನೋಡುವವರೇ. ಪರದೆಯ ಪಕ್ಕದಲ್ಲಿ ಪ್ರಕಾಶಕರು ಅಚ್ಚಾದ ಒಂಬತ್ತನೇ ಪುಟವನ್ನು ಆಳೆತ್ತರ ಹಿಗ್ಗಿಸಿ ನಿಲ್ಲಿಸಿದ್ದರು, ಜನ ತಾಳೆ ನೋಡಲಿ ಎಂದು. ಇನ್ನೊಂದು ಪಕ್ಕದಲ್ಲಿ ಸಂಪಾದಕಿ ತನ್ನ ಅಜ್ಜಿಯ ಫೋಟೋವನ್ನು ಕಟ್ಟು ಹಾಕಿಸಿ ಒಂದು ಸ್ಟ್ಯಾಂಡಿನ ಮೇಲೆ ಇಟ್ಟಿದ್ದಳು. ಮಲ್ಲಿಗೆ ಬೇರೆ ಮುಡಿಸಿದ್ದಳು.

"ಹೇಗಿದೆ ಅಕ್ಕಾ?" ಎಂದು ಕೇಳಿದಳು.

"ಛಲೋ ಐತಿ," ಎಂದು ಡಬ್ಬಿಗೆ ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಹತ್ತೂವರೆಗೆ ಜನ ತುಂಬಿದರು. ಶಿಕ್ಷಕಿ ಮುಂದಿನ ಸಾಲಿನಲ್ಲೇ ಕೂತರು, ಪರೀಕ್ಷೆ ನಡೆಸಲು ಬಂದವರ ಗತ್ತಿನಲ್ಲಿ. ಸಂಪಾದಕಿ ಮೈಕ್ ಹಿಡಿದು, ಆ ದಿನ ಸಭೆಯ ಮಾತೆಲ್ಲ ನಡೆದ ತಮಿಳಿನಲ್ಲೇ, ನನ್ನನ್ನು ಪರಿಚಯಿಸಿದಳು, ಅಜ್ಜಿಯ ಫೋಟೋ ತೋರಿಸಿದಳು, ಬಲ ಸೆರಗಿನ ಕಥೆ ಹೇಳಿದಳು. ಚಪ್ಪಾಳೆ ಬಿತ್ತು. ನಾನು ಬಣ್ಣದ ಟ್ಯೂಬಿನ ಮುಚ್ಚಳ ತಿರುಗಿಸುತ್ತ ತಲೆ ಎತ್ತಲಿಲ್ಲ.

ಮೊದಲ ಪದರ ಹಳದಿ ಮಿಶ್ರಿತ ತೆಳು ಕಂದು, ಮಾರುಕಟ್ಟೆಯ ಬೆಳಗಿನ ಬೆಳಕಿಗೆ. ಹಲಗೆಯನ್ನು ಸ್ವಲ್ಪ ಓರೆ ಹಿಡಿದು ದೊಡ್ಡ ಕುಂಚದಲ್ಲಿ ಮೇಲಿಂದ ಕೆಳಕ್ಕೆ ಎಳೆದೆ. ಇನ್ನೂ ಅರ್ಧ ಎಳೆದಿರಲಿಲ್ಲ, ಶಿಕ್ಷಕಿ ಎದ್ದರು.

"ಪೆನ್ಸಿಲ್ ಡ್ರಾಯಿಂಗ್ ಆಗಲೇ ಇದೆಯಲ್ಲ? ಅದನ್ನ ಯಾರು ಬರೆದದ್ದು?"

"ನಾನೇ. ಮನೆಯಲ್ಲಿ."

"ಮನೆಯಲ್ಲಿ ಅಂದ್ರೆ? ಪ್ರಿಂಟ್ ತೆಗೆದು ಅಂಟಿಸಿಲ್ಲ ಅಂತ ನಮಗೆ ಹೇಗೆ ಗೊತ್ತಾಗಬೇಕು? ಬಣ್ಣ ತುಂಬೋದನ್ನ ನಮ್ಮ ಎಲ್‌ಕೆಜಿ ಮಕ್ಕಳೂ ಮಾಡ್ತಾರೆ."

ಜನ ನಕ್ಕರು. ಜಲವರ್ಣದಲ್ಲಿ ಉತ್ತರ ಕೊಡುತ್ತ ನಿಂತರೆ ಬಣ್ಣ ಕಾಯುವುದಿಲ್ಲ. ಎಳೆದ ಬಣ್ಣದ ಅಂಚು ಒಣಗಿ ಗೆರೆ ಕೂರುತ್ತದೆ. ಕೂತೇಬಿಟ್ಟಿತು, ಆಕಾಶದ ನಡುವೆ, ಹೊಳೆ ದಂಡೆಯ ಹಾಗೆ. ಟಿಶ್ಯೂ ಒತ್ತಿ ಅಳಿಸಲು ಹೋದೆ, ಗೆರೆ ಇದ್ದಲ್ಲಿ ಪಟ್ಟೆಯಾಯಿತು. ನಿರೂಪಣೆಗೆ ಬಂದಿದ್ದ ಹುರುಪಿನ ಹೆಂಗಸೊಬ್ಬರು ಮೈಕಿನಲ್ಲಿ "ವಾವ್, ಮೇಡಂ ಈಗ ಮೋಡ ಮಾಡ್ತಾ ಇದ್ದಾರೆ!" ಎಂದು ಘೋಷಿಸಿದರು. ನನಗೆ ಎದ್ದು ಮನೆಗೆ ಹೋಗಬೇಕೆನಿಸಿತು.

ಒಣಗಿಸಲು ಡ್ರೈಯರ್ ಹಚ್ಚಿದೆ. ಅದರ ಭೋರೆಂಬ ಸದ್ದು ಮೈಕಿಗೆ ಹೊಕ್ಕು, ವಿಮಾನವೇ ಇಳಿದ ಹಾಗಾಗಿ ಮಕ್ಕಳು ಕಿವಿ ಮುಚ್ಚಿಕೊಂಡರು. ಮೈಕ್ ಆರಿಸಿ ಎಂದೆ. ತಂತ್ರಜ್ಞ ಮೈಕಿನ ಬದಲು ಪ್ಲಗ್ಗೇ ಆರಿಸಿದ. ಡ್ರೈಯರ್ ನಿಂತಿತು. ಒದ್ದೆ ಪೂರ್ತಿ ಹೋಗಿರಲಿಲ್ಲ, ಆದರೆ ಗಡಿಯಾರ ಓಡುತ್ತಿತ್ತು, ಬದನೆಕಾಯಿಯ ನೇರಳೆ ಇಟ್ಟೆ. ಅದು ಕೆಳಗಿನ ಒದ್ದೆಯನ್ನು ಮುಟ್ಟಿ, ನೀರು ಹಿಮ್ಮೆಟ್ಟಿ, ಬದನೆಕಾಯಿ ರಾಶಿಯ ಮೇಲೆ ಅಂಚು ಅಂಚಾದ ದೊಡ್ಡ ಕಲೆ ಅರಳಿತು. ಬದನೆಕಾಯಿ ಬರೆಯಲು ಹೋಗಿ ಹೂಕೋಸು ಬಂತು. ಮನೆಯಲ್ಲಾಗಿದ್ದರೆ ಕಾಗದ ಹರಿದು ಬಿಸಾಡಿ ಟೀ ಕುಡಿಯಲು ಹೋಗುತ್ತಿದ್ದೆ. ಇಲ್ಲಿ ಒಂದು ಮಗು "ಲೆಫ್ಟ್ ಹ್ಯಾಂಡ್ ಆಂಟಿ, ಅದು ಗೋಬಿಯಾ?" ಎಂದು ಕೇಳಿತು.

ಹೇಗೋ ಒಂದು ಗಂಟೆ ದಾಟಿತು. ಸೀರೆಗೆ ಕಡು ಹಸಿರು ಹಾಕಿದೆ, ಬಸ್ಸಿಗೆ ತೆಳು ಕೆಂಪು. ಬಸ್ಸಿನ ಹಣೆಯ ಮೇಲಿನ ಫಲಕ ಖಾಲಿ ಬಿಟ್ಟೆ. ನಮ್ಮ ಪುಸ್ತಕಗಳು ಮೂರು ಭಾಷೆಯಲ್ಲಿ ಬರುವುದರಿಂದ ಚಿತ್ರದೊಳಗೆ ಎಲ್ಲೂ ಒಂದಕ್ಷರ ಬರೆಯುವಂತಿಲ್ಲ, ಅಂಗಡಿ ಬೋರ್ಡು, ಬಸ್ಸಿನ ನಂಬರು ಯಾವುದೂ ಇಲ್ಲ. ಕುತ್ತಿಗೆ ಹಿಡಿದುಕೊಂಡಿತ್ತು. ತಲೆ ಎತ್ತಿ, ಆ ಬೆಳಿಗ್ಗೆ ಮೊದಲ ಸಲ ಪರದೆಯನ್ನು ಸರಿಯಾಗಿ ನೋಡಿದೆ.

ಪರದೆಯ ಮೇಲೆ ಸೆರಗು ಎಡ ಹೆಗಲಲ್ಲಿತ್ತು. ತಕ್ಕಡಿ ಬಲಗೈಯಲ್ಲಿತ್ತು. ಕ್ಯಾಮೆರಾ ಉಲ್ಟಾ ತೋರಿಸುತ್ತಿದ್ದ ಆ ಚಿತ್ರ ಎಲ್ಲೂ ಕೊಂಕಿಲ್ಲದೆ ನೆಟ್ಟಗೆ ನಿಂತಿತ್ತು. ಅದು ನನ್ನ ಕರಡು. ತಿಂಗಳುಗಳ ಹಿಂದೆ ಟ್ರೇಸಿಂಗ್ ಕಾಗದದ ಮೇಲೆ ನಾನು ಮೊಟ್ಟಮೊದಲು ಬರೆದದ್ದು ಇದನ್ನೇ. ಏನಾಗಿತ್ತು ಎಂದು ಆ ಕ್ಷಣ ತಿಳಿಯಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದರು. ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದ ನಿವೃತ್ತ ಬಸ್ ಕಂಡಕ್ಟರ್, ತಾವೇ ಹೇಳಿಕೊಂಡರು.

"ಅಮ್ಮಾ, ತಪ್ಪು ತಿಳೀಬೇಡಿ. ಸ್ಕ್ರೀನ್ ಮೇಲೆ ಬಸ್ಸು ಸರಿಯಾಗಿದೆ. ಆ ಪುಸ್ತಕದ ಚಿತ್ರ ನೋಡಿ, ಅಲ್ಲಿ ಬಾಗಿಲು ರಸ್ತೆ ಕಡೆಗಿದೆ. ಜನ ಇಳಿದ್ರೆ ಲಾರಿ ಕೆಳಗೇ. ನಾನು ಬಾಳೆಲ್ಲಾ ಆ ಬಾಗಿಲಲ್ಲೇ ನಿಂತವನು, ಅದಕ್ಕೆ ಕಣ್ಣಿಗೆ ಬಿತ್ತು."

ಎಲ್ಲರೂ ಪರದೆಯನ್ನೂ ಆಳೆತ್ತರದ ಪುಟವನ್ನೂ ಒಂದರ ನಂತರ ಒಂದು ನೋಡತೊಡಗಿದರು. ತಂತ್ರಜ್ಞನಿಗೆ ಆಗಲೇ ಕರ್ತವ್ಯ ನೆನಪಾಗಬೇಕೇ? "ಸಾರಿ ಮೇಡಂ, ಕ್ಯಾಮೆರಾ ಉಲ್ಟಾ ಇತ್ತು" ಎನ್ನುತ್ತ ಏನೋ ಒತ್ತಿದ. ಬೆಳಿಗ್ಗೆ ಹ್ಯಾಂಗ್ ಆಗುತ್ತದೆ ಎಂದದ್ದು ಈಗ ಬೆಣ್ಣೆಯ ಹಾಗೆ ತಿರುಗಿತು. ಪರದೆಯ ಮೇಲಿನ ಸೆರಗು ಬಲಕ್ಕೆ ಹಾರಿತು. ಬಸ್ಸಿನ ಬಾಗಿಲು ರಸ್ತೆಯ ಕಡೆ ಬಂತು.

"ನೋಡಿದ್ರಾ?" ಎಂದರು ಶಿಕ್ಷಕಿ. "ಸೆರಗು ಅಜ್ಜಿದು ಅಂದ್ರಿ. ಬಸ್ಸು ಯಾರದು? ಅಜ್ಜನದಾ?"

ಈ ಸಲ ನಗು ಜೋರಾಗಿ ಬಂತು. ಪ್ರಕಾಶಕರು ಕರ್ಚೀಫಿನಿಂದ ಮುಖ ಒರೆಸಿಕೊಂಡರು. ನಾನು ಬಾಯಿ ತೆರೆಯುವ ಮೊದಲು ಸಂಪಾದಕಿ ಮೈಕ್ ಎತ್ತಿಕೊಂಡಳು.

"ಬಸ್ಸು ತಪ್ಪಾಗಿರಬಹುದು," ಎಂದಳು. "ಆದ್ರೆ ಸೆರಗು ತಪ್ಪಲ್ಲ. ಅದಕ್ಕೆ ನಾನು ಗ್ಯಾರಂಟಿ. ಇಲ್ಲಿ ನೋಡಿ, ಇವರು ನಮ್ಮ ಪಾಟಿ..."

ಕುಂಚವನ್ನು ನೀರಿನ ಡಬ್ಬಿಗೆ ಹಾಕಿದೆ. ಲೆಕ್ಕ ಸರಳವಾಗಿತ್ತು. ಚಿತ್ರ ಮಗುಚಿಹೋಗಿತ್ತು ಎಂದು ತೋರಿಸಿದರೆ ಬಸ್ಸಿಗೆ ಉತ್ತರ ಸಿಗುತ್ತದೆ, ಇದನ್ನು ಮನುಷ್ಯಳೇ ಬರೆದದ್ದು ಎಂದೂ ಗೊತ್ತಾಗುತ್ತದೆ. ಆದರೆ ಬಸ್ಸು ಮಗುಚಿದ್ದರೆ ಸೆರಗೂ ಮಗುಚಿದ್ದೇ. ಒಂದನ್ನು ಒಪ್ಪಿ ಇನ್ನೊಂದನ್ನು ಉಳಿಸಿಕೊಳ್ಳುವಂತಿಲ್ಲ. ಸುಮ್ಮನಿದ್ದರೆ ಮಾಲೆ ಹೋಗುತ್ತದೆ, ಮೇಲಾಗಿ ಈ ಹುಡುಗಿ ನನ್ನ ಸುಳ್ಳಿಗೆ ಇನ್ನೂ ಗ್ಯಾರಂಟಿ ಕೊಡುತ್ತ ನಿಲ್ಲುತ್ತಾಳೆ. ಬಾಯಿ ಬಿಟ್ಟರೆ ಅವಳನ್ನು ಎಲ್ಲರ ಮುಂದೆ ಸುಳ್ಳಿ ಮಾಡಿದ ಹಾಗೆ. ಎಂಥ ಹಾಳು ಕೆಲಸ ಮಾಡಿಕೊಂಡೆನಪ್ಪಾ!

"ಸಾಕು ಬಿಡವಾ," ಎಂದು ಅವಳ ಕೈಯಿಂದ ಮೈಕ್ ತೆಗೆದುಕೊಂಡೆ. "ಎಲ್ಲರೂ ಒಂದು ಹತ್ತು ನಿಮಿಷ ಕೂರಿ. ಬಣ್ಣ ಬಿಡಿ. ತಪ್ಪು ಹೇಗಾಯಿತು ಅಂತ ತೋರಿಸ್ತೀನಿ."

ಚೀಲದಿಂದ ಹೊಸ ಟ್ರೇಸಿಂಗ್ ಹಾಳೆ ತೆಗೆದು ಕ್ಯಾಮೆರಾದ ಕೆಳಗೆ ಇಟ್ಟೆ. ಏನೂ ಇಲ್ಲದ ಹಾಳೆ ಎಂದು ಎರಡೂ ಬದಿ ಎತ್ತಿ ತೋರಿಸಿದೆ. ಎಲ್ಲರ ಕಣ್ಣೆದುರು ಗಡಿಬಿಡಿಯಲ್ಲಿ ಬರೆದೆ: ಹೆಂಗಸು, ಎಡಕ್ಕೆ ಸೆರಗು, ಬಲಗೈಯಲ್ಲಿ ತಕ್ಕಡಿ, ಬಾಗಿಲು ಸರಿಯಾದ ಕಡೆ ಇರುವ ಬಸ್ಸು. ಮೂರು ನಿಮಿಷವೂ ಹಿಡಿಯಲಿಲ್ಲ. ನನ್ನ ಕೈ ಆ ಬೆಳಿಗ್ಗೆ ಮೊದಲ ಸಲ ನೆಟ್ಟಗೆ ನಡೆಯಿತು.

"ಇದನ್ನ ದಪ್ಪ ಕಾಗದಕ್ಕೆ ಇಳಿಸಬೇಕು. ಅದಕ್ಕೆ ಹಾಳೆ ಮಗುಚಿ, ಇವೇ ಗೆರೆಗಳ ಮೇಲೆ ಹಿಂಬದಿಯಲ್ಲೂ ಮೆತ್ತನೆ ಪೆನ್ಸಿಲ್ಲಿಂದ ಎಳೀತೀವಿ." ಎಳೆದೆ. "ಈಗ ಎರಡೂ ಬದಿ ಒಂದೇ ಥರ ಗೆರೆ. ಯಾವುದು ಮುಂದು ಯಾವುದು ಹಿಂದು ಅಂತ ನೋಡಿದ್ರೆ ಗೊತ್ತಾಗಲ್ಲ. ನೆನಪಿಟ್ಟುಕೊಂಡು, ಇನ್ನೊಂದು ಸಲ ಮಗುಚಿ, ಕಾಗದದ ಮೇಲೆ ಇಟ್ಟು ಚಮಚದ ಬೆನ್ನಿಂದ ಉಜ್ಜಬೇಕು. ಆವತ್ತು ಈ ಹೊತ್ತಿಗೆ ಫೋನ್ ಬಂತು. ಬೇಗ ಕಳಿಸಿ ಅಂತ ಆಫೀಸಿನಿಂದ. ಮಾತಾಡಿ ಬಂದು ಕೂತೆ. ಎರಡನೇ ಸಲ ಮಗುಚಲೇ ಇಲ್ಲ."

ಹಾಳೆಯನ್ನು ಮಗುಚದೆ ಹಾಗೇ, ಚೀಲದಿಂದ ತೆಗೆದ ಬಿಳಿ ಕಾಗದದ ಮೇಲೆ ಇಟ್ಟು ಚಮಚದಿಂದ ಉಜ್ಜಿದೆ. ಎತ್ತಿದೆ. ಕಾಗದದ ಮೇಲೆ ಸೆರಗು ಬಲಕ್ಕಿತ್ತು, ತಕ್ಕಡಿ ಎಡಗೈಯಲ್ಲಿತ್ತು, ಬಸ್ಸಿನ ಬಾಗಿಲು ರಸ್ತೆಯ ಕಡೆಗಿತ್ತು. ಒಂಬತ್ತನೇ ಪುಟ.

"ಇಷ್ಟೇ," ಎಂದೆ. "ನಮ್ಮಜ್ಜಿ ಬಲಕ್ಕೆ ಸೆರಗು ಹಾಕ್ತಿದ್ದದ್ದು ನಿಜ. ಆದರೆ ಈ ಚಿತ್ರ ಬರೆಯುವಾಗ ಆಕೆ ನನ್ನ ನೆನಪಿಗೇ ಬಂದಿರಲಿಲ್ಲ. ತಪ್ಪು ಮುಚ್ಚಿಕೊಳ್ಳೋಕೆ ಆಮೇಲೆ ಹೇಳಿದ್ದು. ಸಂಪಾದಕಿಗೂ ಅದನ್ನೇ ಹೇಳಿದೆ, ಅವರು ನಂಬಿದರು. ಅವರದೇನೂ ತಪ್ಪಿಲ್ಲ."

ಶಿಕ್ಷಕಿ ಮುಂದೆ ಬಂದು ಟ್ರೇಸಿಂಗ್ ಹಾಳೆ ಎತ್ತಿ ಬೆಳಕಿಗೆ ಹಿಡಿದರು, ಹಿಂದೆ ಮುಂದೆ ತಿರುಗಿಸಿದರು. "ಸರಿ," ಎಂದರು ಕೊನೆಗೆ. "ಇಷ್ಟು ಪೆದ್ದುತನ ಮೆಷಿನ್ ಮಾಡಲ್ಲ." ಅದು ಕ್ಷಮೆಯೋ ಬೈಗುಳವೋ ತಿಳಿಯಲಿಲ್ಲ. ಕಂಡಕ್ಟರ್ ಮಾತ್ರ ಚಪ್ಪಾಳೆ ತಟ್ಟಿದರು, ಅವರನ್ನು ನೋಡಿ ಮಿಕ್ಕವರು.

ಪ್ರಕಾಶಕರಿಗೆ ಹೋದ ಜೀವ ಬಂದಿತ್ತು. ನನ್ನ ಹತ್ತಿರ ಓಡಿಬಂದರು. ಟೀಚರಮ್ಮ ಒಪ್ಪಿದ್ದನ್ನು ಅದೇ ಜಾಲತಾಣದಲ್ಲಿ ಬರೆದು ಹಾಕುತ್ತಾರಂತೆ, ಮಾಲೆ ನಿಲ್ಲುವುದಿಲ್ಲ, ಮರುಮುದ್ರಣಕ್ಕೆ ಒಂಬತ್ತನೇ ಪುಟ ತಿದ್ದಿ ಕೊಡಿ, ಹಾಗೇ ಮಿಕ್ಕ ಪುಟಗಳ ಬಸ್ಸುಗಳನ್ನೂ ಒಮ್ಮೆ ನೋಡಿಬಿಡಿ, ಎರಡನೇ ಪುಸ್ತಕದ ಕರಡು ಯಾವಾಗ ಎಂದು ಒಂದೇ ಉಸಿರಿಗೆ ಕೇಳಿದರು. ಮನುಷ್ಯಳೆಂದು ಸಾಬೀತಾದ ಮರುಕ್ಷಣವೇ ಯಂತ್ರದ ಹಾಗೆ ದುಡಿಸುವುದು! ಸಿಟ್ಟು ನೆತ್ತಿಗೇರಿತು, ಆದರೂ ಹೂಂ ಎಂದೆ. ಕೆಲಸ ಉಳಿದಿತ್ತು.

ಜನ ಚದುರಿದ ಮೇಲೆ ಕುಂಚ ತೊಳೆದು, ಹೂಕೋಸು ಬೆಳೆದ ಚಿತ್ರವನ್ನು ಹಲಗೆಯಿಂದ ಬಿಡಿಸುತ್ತಿದ್ದೆ. ಸಂಪಾದಕಿ ಅಜ್ಜಿಯ ಫೋಟೋದ ಮಲ್ಲಿಗೆ ತೆಗೆದು, ಕಟ್ಟನ್ನು ಹಳೆಯ ಟವೆಲ್ಲಿನಲ್ಲಿ ಸುತ್ತುತ್ತಿದ್ದಳು. ನಾನೇ ಹತ್ತಿರ ಹೋದೆ.

"ತಪ್ಪಾತವಾ. ಅಂಜಿಬಿಟ್ಟಿದ್ದೆ. ಆವತ್ತ ಫೋನಿನಾಗ ಹೇಳಬೇಕಿತ್ತು."

"ಈ ಫೋಟೋ ಕೊಡಲ್ಲ ಅಂದಿದ್ರು ನಮ್ಮಮ್ಮ," ಅಂದಳು ಅವಳು, ನನ್ನ ಕಡೆ ನೋಡದೆ. "ಪಾಟಿದು ಇದೊಂದೇ ಇರೋದು. ಊರೆಲ್ಲಾ ಯಾಕೆ ನೋಡಬೇಕು ಅಂತ. ನಾನೇ ಜಗಳ ಆಡಿ ತಂದೆ."

"ಆ ಟಿಪ್ಪಣಿ ತಗಿಸಿ ಹಾಕು. ತಪ್ಪು ನಂದು ಅಂತ ನಾನ ಬರದು ಕೊಡ್ತೀನಿ."

"ಪರವಾಯಿಲ್ಲೆ ಅಕ್ಕಾ. ತೆಗೀತೀನಿ."

ಪರವಾಯಿಲ್ಲೆ ಎಂದದ್ದು ಬರೀ ಬಾಯಿಮಾತು ಎಂದು ನನಗೆ ಗೊತ್ತಾಯಿತು. ಟವೆಲ್ಲಿನ ಗಂಟು ಬಿಗಿದು, ಫೋಟೋವನ್ನು ಎದೆಗವಚಿಕೊಂಡು ಬಾಗಿಲವರೆಗೆ ಹೋದವಳು ಅಲ್ಲಿ ನಿಂತು ತಿರುಗಿದಳು.

"ಎಲ್ಲರಿಗೂ ನೀವು ಮೆಷಿನ್ನಾ ಮನುಷ್ಯರಾ ಅಂತ ಸಂದೇಹ ಇತ್ತು. ನಂಗೆ ಒಂದಿನಾನೂ ಇರ್ಲಿಲ್ಲ ಅಕ್ಕಾ. ಅದಕ್ಕೇ ತಾನೆ ನೀವು ಹೇಳಿದ್ದನ್ನ ಕಣ್ಮುಚ್ಚಿ ನಂಬಿದ್ದು."

ಅವಳು ಮೆಟ್ರೋ ಕಡೆಗೆ ನಡೆದಳು. ನಾನೂ ಅದೇ ದಾರಿಯಲ್ಲಿ ಸ್ಟೇಷನ್ನಿಗೆ ಹೋಗಬೇಕಿತ್ತು. ಹಲಗೆ ಹಿಡಿದುಕೊಂಡು, ಅವಳು ಕಣ್ಮರೆಯಾಗುವ ತನಕ ಮೆಟ್ಟಿಲ ಮೇಲೆಯೇ ನಿಂತಿದ್ದೆ.